ಮಗನ ಸಿಡುಕು ವರ್ಷವಾದರೂ ಇಳಿದಿಲ್ಲ

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಒಂಬತ್ತು ವರ್ಷ. ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಬೆಳಿಗ್ಗೆ ಒಂದು ಮೀಥೈಲ್‌ಫೆನಿಡೇಟ್ ಮಾತ್ರೆ ಕೊಡುತ್ತಿದ್ದೇವೆ. ಓದಿನಲ್ಲಿ ಗಮನ ಬಂದಿದೆ. ಆದರೆ ಒಂದು ವರ್ಷದಿಂದ ಸದಾ ಮುಖ ಗಂಟು. ಮೊನ್ನೆ ಅನ್ನದ ಪಕ್ಕ ಪಲ್ಯ ಬಡಿಸಿದ್ದಕ್ಕೆ ತಟ್ಟೆಯನ್ನೇ ಎಸೆದ. ನಮ್ಮತ್ತೆ 'ಎರಡು ಬಿಗಿದರೆ ಸರಿಹೋಗ್ತಾನೆ' ಅನ್ನುತ್ತಾರೆ. ಪರಿಚಯದವರೊಬ್ಬರು ಬೈಪೋಲಾರ್ (ಮನಸ್ಸು ಒಮ್ಮೆ ಉನ್ಮಾದಕ್ಕೆ, ಒಮ್ಮೆ ಖಿನ್ನತೆಗೆ ಹೊರಳುವ ಕಾಯಿಲೆ) ಇರಬಹುದು ಅಂತ ಹೆದರಿಸಿದ್ದಾರೆ. ಮಾತ್ರೆ ನಿಲ್ಲಿಸಲೇ?
– ಒಬ್ಬ ತಾಯಿ, ತಿಪಟೂರು

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ ತಾಯಿ. ಮೊದಲು ಅವನು ಯಾವ ಹೊತ್ತಿನಲ್ಲಿ ಸಿಡುಕುತ್ತಾನೆ ಅಂತ ಎರಡು ವಾರ ಬರೆದಿಡಿ. ಸಾಧಾರಣ ಮೀಥೈಲ್‌ಫೆನಿಡೇಟಿನ ಪ್ರಭಾವ ಸುಮಾರು ನಾಲ್ಕು ಗಂಟೆ. ಅದು ಇಳಿಯುವಾಗ ಕೆಲವು ಮಕ್ಕಳಿಗೆ ಕಿರಿಕಿರಿ ಹೆಚ್ಚುತ್ತದೆ. ಹಸಿವೂ ಕಡಿಮೆಯಾಗುವುದರಿಂದ ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತದೆ. ಶಾಲೆಯಿಂದ ಬಂದವನಿಗೆ ಮೊದಲು ತಿನ್ನಲು ಕೊಡಿ, ಹೋಮ್‌ವರ್ಕ್ ಆಮೇಲೆ. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿನಲ್ಲೇ ತೊಂದರೆಯಾದರೆ ಡಾಕ್ಟರು ಮಾತ್ರೆಯ ಸಮಯವನ್ನೋ ಪ್ರಮಾಣವನ್ನೋ ಬದಲಿಸಬಹುದು.

ಹೊತ್ತುಗೊತ್ತಿಲ್ಲದೆ, ಮನೆಯಲ್ಲೂ ಶಾಲೆಯಲ್ಲೂ ವಾರಕ್ಕೆ ಮೂರು ಸಲವಾದರೂ ರಂಪವಾಗುತ್ತಿದ್ದು, ರಂಪವಿಲ್ಲದಾಗಲೂ ದಿನದ ಬಹುಪಾಲು ಸಿಡುಕಿದ್ದರೆ, ಅದೂ ವರ್ಷ ದಾಟಿದ್ದರೆ, ಡಿಎಂಡಿಡಿ ಎಂಬ ಮನಃಸ್ಥಿತಿಯ ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕು. ಸದಾ ಸಿಡುಕುವ ಮಕ್ಕಳಿಗೆಲ್ಲ ಬೈಪೋಲಾರ್ ಹಣೆಪಟ್ಟಿ ಬೀಳುತ್ತಿದ್ದುದನ್ನು ಕಂಡೇ ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ರೋಗನಿರ್ಣಯದ ಕೈಪಿಡಿಯಲ್ಲಿ ಇದನ್ನು ಸೇರಿಸಿತು. ಬೈಪೋಲಾರ್‌ನ ಉನ್ಮಾದ ಸಾಮಾನ್ಯವಾಗಿ ಒಂದು ವಾರ ಅಥವಾ ಇನ್ನೂ ಹೆಚ್ಚು ಕಾಲ ಇದ್ದು ಇಳಿಯುತ್ತದೆ. ಆಗ ಮಗುವಿಗೆ ನಿದ್ದೆಯೇ ಬೇಡ, ಆದರೂ ಸುಸ್ತಿರುವುದಿಲ್ಲ. ನೀವು ಬರೆದಿರುವುದು ಹಾಗಿಲ್ಲ. ಪರಿಚಯದವರ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಅತ್ತೆಯವರ ಸಲಹೆಯನ್ನಂತೂ ನಾನು ಖಂಡಿತ ಒಪ್ಪುವುದಿಲ್ಲ. ಹೊಡೆತದಿಂದ ಇಂಥ ಮಗುವಿನ ಸಿಟ್ಟು ಇನ್ನಷ್ಟು ಏರುತ್ತದೆ. ತಟ್ಟೆ ಎಸೆದಾಗ 'ಸಿಟ್ಟು ಬಂದಿದೆ, ಗೊತ್ತಾಯ್ತು' ಅಂತ ಒಂದೇ ಮಾತು ಹೇಳಿ ಸುಮ್ಮನಾಗಿ. ಆ ಗಳಿಗೆಯಲ್ಲಿ ಬುದ್ಧಿಮಾತು ಅವನ ಕಿವಿಗೆ ಬೀಳುವುದಿಲ್ಲ. ತಣ್ಣಗಾದ ಮೇಲೆ ನಿಮ್ಮ ಜೊತೆ ಕೂತು ಚೆಲ್ಲಿದ ಅನ್ನ ಬಳಿಯಲಿ. ಬೇಡವಾದದ್ದನ್ನು ಎಸೆಯದೆ ಬಾಯಿಬಿಟ್ಟು 'ಬೇಡ' ಅಂದ ದಿನ ಅದನ್ನು ಗುರುತಿಸಿ ಹೊಗಳಿ. ಮನೆಯಲ್ಲಿ ಎಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು, ಅಜ್ಜಿಯೂ.

ರಾತ್ರಿ ಗೊರಕೆ ಹೊಡೆಯುತ್ತಾನಾ, ಓದಲು ಬರೆಯಲು ತಿಣುಕುತ್ತಾನಾ, ಶಾಲೆಯಲ್ಲಿ ಯಾರಾದರೂ ಚುಡಾಯಿಸುತ್ತಾರಾ ಎಂದೂ ವಿಚಾರಿಸಿ, ಎಲ್ಲ ಬರೆದುಕೊಂಡು ಮಕ್ಕಳ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. 'ನಾನು ಸಾಯ್ತೀನಿ' ಎಂಬ ಮಾತು ಅವನ ಬಾಯಲ್ಲಿ ಬಂದರೆ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು.