ಸೋಮವಾರದ ಮೀಟಿಂಗ್ ಬೇಗ ಮುಗಿಯಬೇಕು, ಕೆಲಸವೂ ಆಗಬೇಕು

ಪ್ರಶ್ನೆ: ನಾನು 12 ಜನರಿರುವ ವಿಭಾಗದ ಮುಖ್ಯಸ್ಥೆ. ಪ್ರತಿ ಸೋಮವಾರ ಬೆಳಿಗ್ಗೆ ಸಿಬ್ಬಂದಿ ಸಭೆ. ಒಂದು ಗಂಟೆ ಅಂದುಕೊಂಡು ಶುರು ಮಾಡಿದ್ದು ಈಗ ಎರಡು ಗಂಟೆ ಎಳೆಯುತ್ತಿದೆ. ಕಳೆದ ವಾರ ಏನೇನು ಮಾಡಿದೆವು ಅಂತ ಒಬ್ಬೊಬ್ಬರೂ ಹೇಳುತ್ತಾರೆ. ತೀರ್ಮಾನ ಆಗಬೇಕಾದ ವಿಷಯಕ್ಕೆ ಬರುವಷ್ಟರಲ್ಲಿ ಎಲ್ಲರೂ ಸುಸ್ತು, ಅದು ಮುಂದಿನ ವಾರಕ್ಕೆ ಹೋಗುತ್ತದೆ. ಸಭೆಯನ್ನೇ ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ಆದರೆ ಇದೇ ರೀತಿಯಲ್ಲಿ ಇನ್ನೊಂದು ಸೋಮವಾರವನ್ನೂ ಕಳೆಯಬೇಡಿ.

ಮೊದಲು ಲೆಕ್ಕ ಹಾಕಿ ನೋಡಿ. 12 ಜನ, ಎರಡು ಗಂಟೆ ಅಂದರೆ 24 ಗಂಟೆ. ದಿನಕ್ಕೆ ಎಂಟು ಗಂಟೆ ದುಡಿಯುವ ಒಬ್ಬರ ಮೂರು ದಿನದ ಕೆಲಸ. ಸಮಯವನ್ನು ಸಮನಾಗಿ ಹಂಚಿದರೂ ಪ್ರತಿಯೊಬ್ಬರು 10 ನಿಮಿಷ ಮಾತಾಡಿ, 110 ನಿಮಿಷ ಕೇಳುತ್ತಾ ಕೂರಬೇಕು. ಕೇಳಿದ್ದರಲ್ಲಿ ಅವರ ಕೆಲಸಕ್ಕೆ ಸಂಬಂಧಪಟ್ಟಿದ್ದು ಒಂದೋ ಎರಡೋ ಮಾತು. ಅವರಿಗೆ ಸುಸ್ತಾಗುವುದು ಸಹಜ.

ಹಾಗಾಗಿ ವರದಿ ಒಪ್ಪಿಸುವುದನ್ನು ಸಭೆಯಿಂದ ಹೊರಗೆ ತನ್ನಿ. ಶುಕ್ರವಾರ ಸಂಜೆಯೊಳಗೆ ಪ್ರತಿಯೊಬ್ಬರೂ ನಾಲ್ಕೇ ಸಾಲು ಬರೆದು ಕಳಿಸಲಿ: ಏನು ಮುಗಿಯಿತು, ಏನು ನಿಂತಿದೆ, ಯಾಕೆ ನಿಂತಿದೆ, ಯಾರಿಂದ ಏನು ಬೇಕು. ಎಲ್ಲ ಸೇರಿ 48 ಸಾಲು. ಓದಲು ಐದು ನಿಮಿಷ ಸಾಕು. ಮೊದಲ ಎರಡು ವಾರ ಕೆಲವರು ಕಳಿಸುವುದಿಲ್ಲ, ಇನ್ನು ಕೆಲವರು ಓದದೇ ಬರುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಹಾಗಂತ ಸಭೆಯಲ್ಲಿ ಮತ್ತೆ ಬಾಯಿಮಾತಿನ ವರದಿಗೂ ಅವಕಾಶ ಕೊಡಬೇಡಿ. ಸಭೆಯ ಮೊದಲ ಐದು ನಿಮಿಷ ಎಲ್ಲರೂ ಸುಮ್ಮನೆ ಕೂತು ಅದನ್ನು ಓದಲಿ. ಅಮೆಜಾನ್‌ನ ಜೆಫ್ ಬೆಜೋಸ್ 2004ರಲ್ಲಿ ತಮ್ಮ ಹಿರಿಯ ಅಧಿಕಾರಿಗಳ ಸಭೆಗಳಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿ, ಬರೆದ ಟಿಪ್ಪಣಿಯನ್ನು ಎಲ್ಲರೂ ಮೌನವಾಗಿ ಓದಿ ಆಮೇಲೆ ಚರ್ಚಿಸುವ ಪದ್ಧತಿ ತಂದರು. ಅಷ್ಟು ದೊಡ್ಡ ಕಂಪನಿಯಲ್ಲೂ ಮುಂಚಿತವಾಗಿ ಓದಿ ಬರುತ್ತಾರೆ ಅಂತ ನಂಬಿ ಕೂರಲಿಲ್ಲ ಅನ್ನುವುದನ್ನು ಗಮನಿಸಿ.

ಇನ್ನು ಅಜೆಂಡಾ. ಹೆಚ್ಚಿನ ಕಡೆ ಅಜೆಂಡಾದಲ್ಲಿ ‘ಗ್ರಾಹಕರ ದೂರುಗಳು’, ‘ರಜೆ’, ‘ಹೊಸ ಸಾಫ್ಟ್‌ವೇರ್’ ಅಂತ ಬರೀ ತಲೆಬರಹಗಳಿರುತ್ತವೆ. ‘ರಜೆ’ ಅಂದರೆ ಏನು ಮಾತಾಡಬೇಕು? ಯಾರಿಗೂ ಗೊತ್ತಿಲ್ಲ, ಆದ್ದರಿಂದ ಎಲ್ಲರೂ ಎಲ್ಲವನ್ನೂ ಮಾತಾಡುತ್ತಾರೆ. ಅದನ್ನೇ ಪ್ರಶ್ನೆಯಾಗಿ ಬರೆಯಿರಿ: ‘ಮುಂದಿನ ತಿಂಗಳ ಮೊದಲ ವಾರ ಮೂವರು ರಜೆ ಕೇಳಿದ್ದಾರೆ. ಇಬ್ಬರಿಗಷ್ಟೇ ಕೊಡಲು ಸಾಧ್ಯ. ಯಾವ ಆಧಾರದ ಮೇಲೆ ಆರಿಸೋಣ?’ ‘ಗ್ರಾಹಕರ ದೂರುಗಳು’ ಅನ್ನುವುದು ‘ದೂರಿಗೆ 24 ಗಂಟೆಯೊಳಗೆ ಮೊದಲ ಉತ್ತರ ಕೊಡುವ ಹೊಣೆ ಯಾರದ್ದು?’ ಅಂತಾಗಲಿ. ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದರೆ ಆ ವಿಷಯ ಮುಗಿಯಿತು. ಪ್ರಶ್ನೆಯಾಗಿ ಬರೆಯಲು ಬರದ ವಿಷಯ ಸಭೆಗೆ ಬರುವಷ್ಟು ಹಣ್ಣಾಗಿಲ್ಲ ಅಂತ ತಿಳಿಯಿರಿ. ಆ ವಾರ ಒಂದೂ ಪ್ರಶ್ನೆ ಇಲ್ಲದಿದ್ದರೆ ಸಭೆ ರದ್ದು ಮಾಡಿ, ರದ್ದಾಗಿದೆ ಅಂತ ಎಲ್ಲರಿಗೂ ಭಾನುವಾರಕ್ಕಿಂತ ಮುಂಚೆಯೇ ತಿಳಿಸಿ.

ಕಷ್ಟದ ಪ್ರಶ್ನೆ ಮೊದಲು ಬರಬೇಕು. ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ಒಂದು ಕಚೇರಿಯ ಸಭೆಯಲ್ಲಿ ಗಡಿಯಾರ ನೋಡುತ್ತಾ ಪ್ರತಿ ವಿಷಯಕ್ಕೂ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಂಡಿದ್ದೆ. ಪ್ರಿಂಟರ್ ಅನ್ನು ಯಾವ ಮೂಲೆಗೆ ಇಡಬೇಕು ಅನ್ನುವುದಕ್ಕೆ 35 ನಿಮಿಷ. ಇಬ್ಬರು ಕೆಲಸ ಬಿಟ್ಟು ಹೋದ ಮೇಲೆ ಅವರ ಪಾಲಿನ ಕೆಲಸ ಯಾರು ನೋಡಿಕೊಳ್ಳಬೇಕು ಅನ್ನುವುದಕ್ಕೆ ಕೊನೆಯ ನಾಲ್ಕು ನಿಮಿಷ. ಆ ಹೊರೆ ಹೊತ್ತಿದ್ದ ಹುಡುಗಿ ಎರಡು ಪುಟ ಬರೆದುಕೊಂಡು ಬಂದಿದ್ದಳು. ಪ್ರಿಂಟರ್ ಮಾತು ನಡೆಯುತ್ತಿದ್ದಾಗ ಒಮ್ಮೆ ಪುಟ ತೆರೆದಳು, ಮತ್ತೆ ಮಡಚಿದಳು. ಅವಳ ಸರದಿ ಬಂದಾಗ ಅರ್ಧ ಜನ ಕುರ್ಚಿ ಹಿಂದೆ ಸರಿಸುತ್ತಿದ್ದರು. ಅವಳು ‘ಪರವಾಗಿಲ್ಲ, ನಾನೇ ನೋಡಿಕೊಳ್ತೀನಿ’ ಅಂದಳು. ಆ ಮಾತು ಇಂದಿಗೂ ನನ್ನನ್ನು ಕಾಡುತ್ತದೆ.

ಹೀಗಾಗುವುದಕ್ಕೆ ಯಾರ ಕೆಟ್ಟತನವೂ ಕಾರಣವಲ್ಲ. ಅಣುಸ್ಥಾವರದ ಯೋಜನೆಗೆ ನಿಮಿಷಗಳಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ನಿಲ್ಲಿಸುವ ಶೆಡ್ಡಿನ ಬಗ್ಗೆ ಬಹಳ ಹೊತ್ತು ವಾದ ಮಾಡುವ ಒಂದು ಕಾಲ್ಪನಿಕ ಸಮಿತಿಯನ್ನು ಬ್ರಿಟಿಷ್ ಲೇಖಕ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲೇ ಚಿತ್ರಿಸಿದ್ದರು. ಸ್ಥಾವರ ಯಾರಿಗೂ ಅರ್ಥವಾಗುವುದಿಲ್ಲ, ಶೆಡ್ಡು ಎಲ್ಲರಿಗೂ ಅರ್ಥವಾಗುತ್ತದೆ. ಗೊತ್ತಿರುವ ಕಡೆಗೇ ಮಾತು ಹರಿಯುತ್ತದೆ. ಅದನ್ನು ತಿರುಗಿಸುವುದು ಸಭೆ ನಡೆಸುವವರ, ಅಂದರೆ ನಿಮ್ಮ ಕೆಲಸ. ಕೊಟ್ಟ ಸಮಯವನ್ನೆಲ್ಲ ಕೆಲಸ ನುಂಗುತ್ತದೆ ಅಂತ 1955ರಲ್ಲಿ ಬರೆದವರೂ ಇವರೇ. ಕ್ಯಾಲೆಂಡರ್‌ನಲ್ಲಿ ಒಂದು ಗಂಟೆ ಬದಲು 40 ನಿಮಿಷ ಹಾಕಿ ನೋಡಿ.

ಪ್ರಶ್ನೆ: ನಮ್ಮಲ್ಲಿ ಸಭೆ ಬೇಗ ಮುಗಿಯುತ್ತದೆ, ಚರ್ಚೆಯೂ ಚೆನ್ನಾಗಿರುತ್ತದೆ. ಆದರೆ ತೀರ್ಮಾನವಾದದ್ದು ಜಾರಿಗೆ ಬರುವುದೇ ಇಲ್ಲ. ಮೂರು ತಿಂಗಳಿಂದ ಅದೇ ವಿಷಯ ಬಂದು ಹೋಗುತ್ತಿದೆ.

ಉತ್ತರ: ನಿಮ್ಮ ಹಿಂದಿನ ಸಭೆಯ ಕೊನೆಯ ಮಾತುಗಳನ್ನು ನೆನಪಿಸಿಕೊಳ್ಳಿ. ‘ಮಾಡೋಣ’, ‘ನೋಡೋಣ’, ‘ವಿಚಾರಿಸಿ ಹೇಳೋಣ’ ಅಂತ ಮುಗಿದಿರಬೇಕು. ನಮ್ಮ ಭಾಷೆಯ ಈ ‘ಓಣ’ ಬಹಳ ಸೌಜನ್ಯದ್ದು, ಎಲ್ಲರನ್ನೂ ಜೊತೆಗೆ ಕರೆದುಕೊಳ್ಳುತ್ತದೆ. ಆದರೆ ಅದರಲ್ಲಿ ಯಾರು ಅನ್ನುವುದಿಲ್ಲ, ಯಾವಾಗ ಅನ್ನುವುದೂ ಇಲ್ಲ. ‘ಸರಬರಾಜುದಾರರ ಹತ್ತಿರ ಮಾತಾಡೋಣ’ ಅಂತ ಎಂಟು ಜನ ಒಪ್ಪಿ ಎದ್ದರೆ, ಎಂಟೂ ಜನ ಉಳಿದ ಏಳರಲ್ಲಿ ಒಬ್ಬರು ಮಾತಾಡುತ್ತಾರೆ ಅಂದುಕೊಂಡಿರುತ್ತಾರೆ.

ಕೊನೆಯ ಐದು ನಿಮಿಷವನ್ನು ಇದಕ್ಕೇ ಮೀಸಲಿಡಿ, ಚರ್ಚೆ ಅರ್ಧಕ್ಕೆ ನಿಂತರೂ ಸರಿ. ಒಬ್ಬರು ಪ್ರತಿ ತೀರ್ಮಾನವನ್ನೂ ಗಟ್ಟಿಯಾಗಿ ಓದಲಿ: ಏನು, ಯಾರು, ಯಾವ ದಿನದೊಳಗೆ. ‘ಯಾರು’ ಅನ್ನುವಲ್ಲಿ ಒಂದೇ ಹೆಸರು ಇರಲಿ. ನೆರವಿಗೆ ಎಷ್ಟು ಜನ ಬೇಕಾದರೂ ಇರಬಹುದು, ಹೊಣೆ ಒಬ್ಬರದ್ದು. ಆ ಹೆಸರಿನವರು ತಾವೇ ‘ಸರಿ, ಗುರುವಾರದೊಳಗೆ ಮಾಡ್ತೀನಿ’ ಅನ್ನಬೇಕು. ಆಗುವುದಿಲ್ಲ ಅನ್ನುವುದಿದ್ದರೆ ಅಲ್ಲೇ ಅನ್ನಲಿ, ಅದೂ ಒಳ್ಳೆಯದೇ. ಓದುವಾಗ ‘ಅಯ್ಯೋ, ನಾನು ಹಾಗೆ ತಿಳಿದಿರಲಿಲ್ಲ’ ಅನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಮೂರು ತಿಂಗಳಿಂದ ನಿಮ್ಮ ವಿಷಯ ಸಿಕ್ಕಿಕೊಂಡಿರುವ ಜಾಗ ಬಹುಶಃ ಅದೇ. ಈ ಪಟ್ಟಿಯನ್ನು ಅದೇ ದಿನ ಎಲ್ಲರಿಗೂ ಕಳಿಸಿ. ಐದಾರು ಪುಟದ ನಡಾವಳಿ ಬೇಕಿಲ್ಲ. ಮುಂದಿನ ಸಭೆ ಈ ಪಟ್ಟಿಯಿಂದಲೇ ಶುರುವಾಗಲಿ.

ಪ್ರಶ್ನೆ: ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಸಭೆಯಲ್ಲಿ ಮ್ಯಾನೇಜರ್ ಮತ್ತು ಇಬ್ಬರು ಹಿರಿಯರು ಮಾತ್ರ ಮಾತಾಡುತ್ತಾರೆ. ಅವರು ಹೇಳಿದ್ದು ತಪ್ಪು ಅನ್ನಿಸಿದರೂ ಬಾಯಿ ಬರುವುದಿಲ್ಲ. ನನ್ನ ಕೈಯಲ್ಲಿ ಏನಿದೆ?

ಉತ್ತರ: ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. 1951ರಲ್ಲಿ ಪ್ರಕಟವಾದ ಸಾಲೊಮನ್ ಆಶ್ ಅವರ ಪ್ರಯೋಗದಲ್ಲಿ ಗೆರೆಗಳ ಉದ್ದ ಹೋಲಿಸುವಂಥ ಕಣ್ಣಿಗೆ ಕಾಣುವ ಪ್ರಶ್ನೆಗೂ, ಗುಂಪು ತಪ್ಪು ಉತ್ತರ ಹೇಳಿದಾಗ ಎಷ್ಟೋ ಜನ ಅದಕ್ಕೆ ತಲೆಯಾಡಿಸಿದರು. ನಿಮ್ಮ ಸಂಬಳ, ಬಡ್ತಿ ಎಲ್ಲ ಎದುರಿಗೆ ಕೂತವರ ಕೈಯಲ್ಲಿರುವಾಗ ಬಾಯಿ ಕಟ್ಟುವುದು ಸಹಜ. ಅದೇ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಸರಿಯಾದ ಉತ್ತರ ಹೇಳುವ ಒಬ್ಬರೇ ಒಬ್ಬರು ಜೊತೆಗಿದ್ದರೂ ಗುಂಪಿಗೆ ಮಣಿಯುವುದು ತುಂಬ ಕಡಿಮೆಯಾಯಿತು. ಹಾಗಾಗಿ ಸಭೆಯ ಹಿಂದಿನ ದಿನ ನಿಮ್ಮಂತೆಯೇ ಯೋಚಿಸುವ ಒಬ್ಬ ಸಹೋದ್ಯೋಗಿಯ ಜೊತೆ ಮಾತಾಡಿಕೊಳ್ಳಿ.

ಅಭಿಪ್ರಾಯವನ್ನು ಮೊದಲೇ ಮೂರು ಸಾಲಿನಲ್ಲಿ ಬರೆದು ಮ್ಯಾನೇಜರ್‌ಗೆ ಕಳಿಸಿ. ಎಲ್ಲರೆದುರು ತಿದ್ದಿಸಿಕೊಳ್ಳುವುದು ಯಾರಿಗೂ ಇಷ್ಟವಿಲ್ಲ, ಒಬ್ಬರೇ ಓದುವಾಗ ಮನಸ್ಸು ತೆರೆದಿರುತ್ತದೆ. ಸಭೆಯಲ್ಲಿ ‘ಇದು ಆಗಲ್ಲ’ ಅನ್ನುವ ಬದಲು ‘ಈ ದಾರಿ ಕೈಕೊಟ್ಟರೆ ಯಾವ ಕಾರಣಕ್ಕೆ ಕೈಕೊಡಬಹುದು?’ ಅಂತ ಕೇಳಿ.

ಇದನ್ನು ಮ್ಯಾನೇಜರುಗಳು ಓದುತ್ತಿದ್ದರೆ ಒಂದು ಕೋರಿಕೆ: ದಯವಿಟ್ಟು ಕೊನೆಯಲ್ಲಿ ಮಾತಾಡಿ. ಪ್ರಶ್ನೆ ಇಟ್ಟು ಎರಡು ನಿಮಿಷ ಎಲ್ಲರಿಗೂ ಚೀಟಿಯಲ್ಲಿ ಬರೆಯಲು ಹೇಳಿ, ಕಿರಿಯರಿಂದ ಓದಿಸಲು ಶುರು ಮಾಡಿ. ಒಟ್ಟಿಗೆ ಕೂತು ಯೋಚಿಸಿದ ಗುಂಪಿಗಿಂತ, ಬೇರೆ ಬೇರೆ ಯೋಚಿಸಿದ ಅಷ್ಟೇ ಜನರಿಂದ ಹೆಚ್ಚು ಐಡಿಯಾ ಬಂದವು ಅಂತ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 1958ರಲ್ಲೇ ತೋರಿಸಿದ್ದಾರೆ.

ಪ್ರಶ್ನೆ: ನಿಂತುಕೊಂಡು ಸಭೆ ನಡೆಸಿದರೆ ಬೇಗ ಮುಗಿಯುತ್ತದೆಯಂತೆ, ನಿಜವೇ?

ಉತ್ತರ: ನಿಜ. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೂತು ನಡೆಸಿದ ಸಭೆಗಳು ನಿಂತು ನಡೆಸಿದವಕ್ಕಿಂತ 34% ಹೆಚ್ಚು ಸಮಯ ತೆಗೆದುಕೊಂಡವು, ತೀರ್ಮಾನಗಳ ಗುಣಮಟ್ಟ ಮಾತ್ರ ಹೆಚ್ಚಲಿಲ್ಲ. ದಿನದ ಕೆಲಸ ಹೊಂದಿಸಿಕೊಳ್ಳುವ 10–15 ನಿಮಿಷದ ಭೇಟಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಒಬ್ಬರ ಕೆಲಸದ ಬಗ್ಗೆ ಸೂಕ್ಷ್ಮವಾದದ್ದೇನಾದರೂ ಹೇಳುವುದಿದ್ದರೆ ಬೇಡ, ಕೂತೇ ಮಾತಾಡಿ. ಮಂಡಿನೋವಿನವರು, ಗರ್ಭಿಣಿಯರು ಇದ್ದರೆ ಅವರು ಕೇಳುವ ಮೊದಲೇ ಕುರ್ಚಿ ಹಾಕಿಸಿ, ನೀವೂ ಅವರ ಪಕ್ಕದಲ್ಲಿ ಒಂದು ಎಳೆದುಕೊಂಡು ಕೂತುಕೊಳ್ಳಿ.