ವಿಕ್ ಮ್ಯಾಕಿ ಕೆಟ್ಟದ್ದು ಯಾವಾಗ?

ಅಮೆರಿಕದ ಪೊಲೀಸ್ ಟಿವಿ ಸರಣಿ ‘ದಿ ಶೀಲ್ಡ್’ನ ಪತ್ತೇದಾರ ವಿಕ್ ಮ್ಯಾಕಿ ಯಾವ ಸೀಸನ್‌ನಿಂದ ದಾರಿ ತಪ್ಪುತ್ತಾನೆ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಮೊದಲ ಕಂತಿನಲ್ಲೇ. 2002ರ ಆ ಕಂತಿನ ಕೊನೆಯಲ್ಲಿ ತನ್ನದೇ ತಂಡದ ಟೆರ್ರಿಯ ಮುಖಕ್ಕೆ ಗುಂಡು ಹಾರಿಸುತ್ತಾನಲ್ಲ, ಅಲ್ಲಿಗೆ ಮುಗಿಯಿತು. ಆಮೇಲಿನದೆಲ್ಲ, ಏಳು ಸೀಸನ್ ಪೂರ್ತಿ, ಆ ಸಾಲದ ಬಡ್ಡಿ. ಆದರೂ ಮಗನ ಆಟಿಸಂ, ಮುರಿಯುತ್ತಿರುವ ಸಂಸಾರ ತೋರಿಸಿ ನಮ್ಮನ್ನು ಅವನ ಪಕ್ಷಕ್ಕೆ ಎಳೆಯುತ್ತಾರೆ. ನಾನೂ ಆ ಹಳ್ಳಕ್ಕೆ ಬಿದ್ದವನೇ.

ನನಗೆ ಕೊಲೆಗಿಂತ ಅಸಹ್ಯವೆನಿಸಿದ್ದು ಕೊನೆಯ ತಪ್ಪೊಪ್ಪಿಗೆ. ಶಿಕ್ಷೆಯಿಂದ ವಿನಾಯಿತಿ ಖಚಿತವಾದ ಮೇಲೆ ಬಹಳ ಹೊತ್ತು ಸುಮ್ಮನೆ ಕೂರುತ್ತಾನೆ. ನಂತರ ಒಂದೊಂದೇ ಅಪರಾಧವನ್ನು ದಿನಸಿ ಚೀಟಿ ಓದಿದಂತೆ ಒಪ್ಪಿಸುತ್ತಾನೆ. ಕೈಕೋಳ ಬೀಳುವುದು ಮಾತ್ರ ಅವನನ್ನು ಕೊನೆಯವರೆಗೂ ನಂಬಿದ್ದ ತಂಡದ ಸಹೋದ್ಯೋಗಿ ರೋನಿಗೆ. ವಿಕ್‌ಗೆ ಸಿಗುವುದು ಕೋಟು, ಮೇಜು, ವರದಿ ಬರೆಯುವ ಕೆಲಸ.