ಕೊಳೆತ ದ್ರಾಕ್ಷಿಯಿಂದ ಮಾಡುವ ಶಾಟೊ ದಿಕೆಮ್ ವೈನಿಗೆ ಅಷ್ಟು ಬೆಲೆ ಏಕೆ?

ಕೊಳೆತ ಹಣ್ಣಿನ ವೈನಿಗೆ ಜನ ಏಕೆ ಅಷ್ಟು ದುಡ್ಡು ಕೊಡುತ್ತಾರೆ ಎಂದು ಕೇಳಿದ್ದೀರಿ. ದ್ರಾಕ್ಷಿಗೆ ಬೂಷ್ಟು ಹತ್ತಿದ ಕೂಡಲೇ ಔಷಧಿ ಹೊಡೆಯಲು ಓಡುವ ಊರಿನವನಾದ ನನಗೂ ಮೊದಲು ಇದು ಅರ್ಥವಾಗಿರಲಿಲ್ಲ.

ಶಾಟೊ ದಿಕೆಮ್ ಎಂಬ ದ್ರಾಕ್ಷಿತೋಟ ಇರುವುದು ಫ್ರಾನ್ಸಿನ ಬೋರ್ಡೊ ನಗರದ ದಕ್ಷಿಣಕ್ಕೆ, ಸೋತೆರ್ನ್ ಪ್ರದೇಶದ ಒಂದು ದಿಣ್ಣೆಯ ಮೇಲೆ. ಅಲ್ಲಿಗೆ ಹತ್ತಿರದಲ್ಲೇ ಸಿರೋಂ ಎಂಬ ತಣ್ಣನೆಯ ಹೊಳೆ ಬೆಚ್ಚಗಿನ ಗಾರೋನ್ ನದಿಯನ್ನು ಸೇರುವುದರಿಂದ ಶರತ್ಕಾಲದ ಮುಂಜಾವುಗಳಲ್ಲಿ ಮಂಜು ಕವಿಯುತ್ತದೆ. ಆ ತೇವಕ್ಕೆ ಬೊಟ್ರೈಟಿಸ್ ಎಂಬ ಬೂಷ್ಟು ಹಣ್ಣನ್ನು ಹಿಡಿಯುತ್ತದೆ. ಹೊತ್ತೇರಿದ ಮೇಲೆ ಬಿಸಿಲೂ ಗಾಳಿಯೂ ಹಣ್ಣನ್ನು ಒಣಗಿಸುತ್ತವೆ. ಬೂಷ್ಟು ಸಿಪ್ಪೆಯನ್ನು ಸಡಿಲಿಸುವುದರಿಂದ ಒಳಗಿನ ನೀರು ಆವಿಯಾಗಿ, ಸಕ್ಕರೆ, ಹುಳಿ, ಪರಿಮಳ ಮೂರೂ ಗಟ್ಟಿಯಾಗುತ್ತವೆ. ಬಿಸಿಲೇ ಕಾಣದೆ ಮಳೆ ಹಿಡಿದುಕೊಂಡರೆ ಮಾತ್ರ ಇದೇ ಬೂಷ್ಟು ಗೊಂಚಲನ್ನೇ ಕೊಳೆಸಿಬಿಡುತ್ತದೆ.

ದುಡ್ಡು ಹೋಗುವುದು ಕೊಯ್ಲಿಗೆ. ಒಂದೇ ಗೊಂಚಲಿನಲ್ಲಿ ಒಂದು ಹಣ್ಣು ಹೊಂಬಣ್ಣದಲ್ಲಿ ತುಂಬಿಕೊಂಡಿರುತ್ತದೆ, ಪಕ್ಕದ್ದು ಕಂದುನೇರಳೆಗೆ ತಿರುಗಿರುತ್ತದೆ, ಇನ್ನೊಂದು ಬೂದಿಯಂಥ ನವಿರು ಹೊದ್ದು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿರುತ್ತದೆ. ಕೊಯ್ಯುವವರಿಗೆ ಬೇಕಾದದ್ದು ಆ ಸುಕ್ಕುಗಟ್ಟಿದ್ದೇ. ಉಳಿದವುಗಳಿಗಾಗಿ ಅದೇ ಸಾಲಿಗೆ ವಾರಗಟ್ಟಲೆ, ಐದಾರು ಬಾರಿ, ಮರಳಿ ಬರುತ್ತಾರೆ. ಇಷ್ಟಾದರೂ ಒಂದು ಬಳ್ಳಿಯಿಂದ ಸಿಗುವುದು ಸುಮಾರು ಒಂದು ಲೋಟ ವೈನ್. ದ್ರಾಕ್ಷಿಯಲ್ಲಿ ಸೆಮಿಯೋಂ ಎಂಬ ತಳಿ ಹೆಚ್ಚು, ಸೋವಿನ್ಯೋಂ ಬ್ಲಾಂ ಎಂಬುದು ಕಡಿಮೆ. ರಸ ಹೊಸ ಓಕ್ ಪೀಪಾಯಿಗಳಲ್ಲಿ ಹುದುಗಿ, ಸುಮಾರು ಎರಡು ವರ್ಷ ಮಾಗುತ್ತದೆ.

ಈ ತೋಟ 1593ರಲ್ಲಿ ಸೋವಾಜ್ ಮನೆತನದ ವಶಕ್ಕೆ ಬಂತು. ಆ ಮನೆಯ ಮಗಳು ಫ್ರಾನ್ಸ್ವಾಜ್ ಜೋಸೆಫೀನ್ 1785ರಲ್ಲಿ ಲೂರ್ ಸಾಲ್ಯೂಸ್ ಮನೆತನದ ಸೊಸೆಯಾದಳು. ಮೂರೇ ವರ್ಷದಲ್ಲಿ ಗಂಡ ತೀರಿಕೊಂಡ. ದಿಕೆಮಿನ ಚರಿತ್ರೆಯಲ್ಲಿ ನನಗೆ ಎಲ್ಲರಿಗಿಂತ ದೊಡ್ಡವಳಾಗಿ ಕಾಣುವವಳು ಈಕೆ. ಇಪ್ಪತ್ತರ ಹರೆಯದಲ್ಲಿ ವಿಧವೆಯಾದವಳು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸೆರೆವಾಸವನ್ನೂ ಅನುಭವಿಸಿ, ತೋಟವನ್ನು ಕೈಬಿಡದೆ, 1826ರಲ್ಲಿ ಹೊಸ ವೈನ್ ಉಗ್ರಾಣವನ್ನೇ ಕಟ್ಟಿಸಿದಳು. ಆಕೆ ತೀರಿಕೊಂಡದ್ದು 1851ರಲ್ಲಿ. ನಾಲ್ಕು ವರ್ಷಗಳ ನಂತರ ಬೋರ್ಡೊ ವೈನುಗಳನ್ನು ಶ್ರೇಣೀಕರಿಸಿದಾಗ, ಸಿಹಿ ವೈನುಗಳಲ್ಲಿ ದಿಕೆಮ್ ಒಂದಕ್ಕೇ ಎಲ್ಲಕ್ಕಿಂತ ಮೇಲಿನ ಪ್ರತ್ಯೇಕ ದರ್ಜೆ ದೊರೆಯಿತು. 1999ರಿಂದ ತೋಟ ಎಲ್‌ವಿಎಂಎಚ್ ಎಂಬ ಐಷಾರಾಮಿ ವಸ್ತುಗಳ ಫ್ರೆಂಚ್ ಕಂಪನಿಯ ಹಿಡಿತದಲ್ಲಿದೆ.

ಬೆಲೆಯಲ್ಲಿ ಇನ್ನೊಂದು ಲೆಕ್ಕವೂ ಸೇರಿದೆ. ಹಣ್ಣು ಮನಸ್ಸಿಗೆ ಬಾರದ ವರ್ಷ ಇವರು ದಿಕೆಮ್ ಹೆಸರಿನಲ್ಲಿ ಒಂದು ಬಾಟಲಿಯನ್ನೂ ಹೊರಬಿಡುವುದಿಲ್ಲ. 1964, 1972, 1974, 1992ರಲ್ಲಿ ಹಾಗೆಯೇ ಆಯಿತು. 2012ರಲ್ಲೂ ವರ್ಷವಿಡೀ ತೋಟದಲ್ಲಿ ದುಡಿದು, ಹಣ್ಣು ಕೊಯ್ದ ಮೇಲೆ, ಆ ವರ್ಷದ ದಿಕೆಮ್ ಇಲ್ಲವೆಂದು ಹೇಳಿದರು.